ಮಸಾಲೆ ಪುಡಿಯಲ್ಲಿ ‘ಮರಳು’, ಟೂತ್‌ಪೇಸ್ಟಿನಲ್ಲಿ ‘ಗಾಜಿನ ಪುಡಿ’: ಸಿಲಿಕಾಗೆ ಹೆದರಬೇಕೇ?

‘ಪ್ಯಾಕೆಟ್ ಹಿಂದೆ ಐಎನ್‌ಎಸ್ 551 ಎಂದು ಬರೆದಿದ್ದರೆ ಕೂಡಲೇ ಎಸೆಯಿರಿ. ಅದು ಮರಳಿನ ಪುಡಿ, ಕ್ಯಾನ್ಸರ್ ಬರುತ್ತದೆ. ಎಲ್ಲಾ ಗ್ರೂಪ್‌ಗಳಿಗೂ ಕಳಿಸಿ.’ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಒಂದು ನಿಜ ಅಡಗಿದೆ. ಆದರೆ ಅದನ್ನು ತಪ್ಪು ವಸ್ತುವಿಗೆ ಅಂಟಿಸಲಾಗಿದೆ. ಯಾವುದು ನಿಜ, ಯಾವುದು ಸುಳ್ಳು? ನೋಡೋಣ.

ಸಿಲಿಕಾ ಎಂದರೇನು?

ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆಗುವ ವಸ್ತುವೇ ಸಿಲಿಕಾನ್ ಡೈಆಕ್ಸೈಡ್, ಅಂದರೆ ಸಿಲಿಕಾ. ಇದರಲ್ಲಿ ಎರಡು ಬಗೆ. ಮರಳು, ಗ್ರಾನೈಟ್, ಬೆಣಚುಕಲ್ಲಿನಲ್ಲಿ ಇರುವುದು ಸ್ಫಟಿಕ ಸಿಲಿಕಾ. ಇದರ ಕಣಗಳು ರಂಗೋಲಿಯ ಚುಕ್ಕೆಗಳಂತೆ ಸಾಲಾಗಿ ಜೋಡಣೆಯಾಗಿರುತ್ತವೆ. ಆ ಸಾಲು, ಲೆಕ್ಕ ಯಾವುದೂ ಇಲ್ಲದೆ ಚೆಲ್ಲಾಪಿಲ್ಲಿಯಾಗಿ ಸೇರಿಕೊಂಡಿದ್ದರೆ ಅದು ಅಮಾರ್ಫಸ್ ಸಿಲಿಕಾ. ಐಎನ್‌ಎಸ್ 551 ಈ ಎರಡನೆಯ ಬಗೆಯದು.

ಇದನ್ನು ಮರಳು ಅರೆದು ಮಾಡುವುದಿಲ್ಲ. ಸೋಡಿಯಂ ಸಿಲಿಕೇಟ್ ದ್ರಾವಣಕ್ಕೆ ಸಲ್ಫ್ಯೂರಿಕ್ ಆಮ್ಲ ಸೇರಿಸಿದಾಗ ಬೇರ್ಪಡುವ ಬಿಳಿ ವಸ್ತುವನ್ನು ತೊಳೆದು ಒಣಗಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಸಿಲಿಕಾನ್ ಟೆಟ್ರಾಕ್ಲೋರೈಡನ್ನು ಹೈಡ್ರೋಜನ್ ಜ್ವಾಲೆಯಲ್ಲಿ ಉರಿಸಿ, ಹೊಗೆಯಷ್ಟು ಹಗುರವಾದ ಪುಡಿ ಪಡೆಯುತ್ತಾರೆ.

ಎಲ್ಲೆಲ್ಲಿ ಬಳಕೆ?

• ಟೈರ್ ಮತ್ತು ಚಪ್ಪಲಿ: ರಬ್ಬರಿಗೆ ಗಟ್ಟಿತನ ಕೊಡಲು ಹಿಂದಿನಿಂದಲೂ ಕಪ್ಪು ಇಂಗಾಲದ ಪುಡಿ ಬಳಸುತ್ತಾರೆ. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ಕಾರಿನ ಟೈರುಗಳಲ್ಲಿ ಸಿಲಿಕಾ ಬಳಸತೊಡಗಿತು. ಇದರಿಂದ ಉರುಳುವಾಗ ಪೋಲಾಗುವ ಶಕ್ತಿ ಕಡಿಮೆಯಾಗಿ ಇಂಧನ ಉಳಿಯುತ್ತದೆ, ಒದ್ದೆ ರಸ್ತೆಯಲ್ಲೂ ಹಿಡಿತ ಚೆನ್ನಾಗಿರುತ್ತದೆ. ಸಿಲಿಕಾ ಬಿಳಿಯಾದ್ದರಿಂದ ಬಣ್ಣದ ಚಪ್ಪಲಿ ಅಟ್ಟೆಗಳಿಗೂ ಅದು ಬೇಕು.

• ಮಾತ್ರೆ: ಔಷಧದ ಪುಡಿ ಯಂತ್ರದಲ್ಲಿ ಗಂಟು ಕಟ್ಟದೆ ಸರಾಗವಾಗಿ ಹರಿಯಲು ಚಿಟಿಕೆಯಷ್ಟು ಸೇರಿಸುತ್ತಾರೆ. ಪ್ರತಿ ಮಾತ್ರೆಯಲ್ಲೂ ಔಷಧದ ಪ್ರಮಾಣ ಒಂದೇ ಇರಲು ಇದು ನೆರವಾಗುತ್ತದೆ.

• ಟೂತ್‌ಪೇಸ್ಟ್: ಹಲ್ಲಿನ ಕೊಳೆ ಉಜ್ಜಿ ತೆಗೆಯುವುದು ಹೈಡ್ರೇಟೆಡ್ ಸಿಲಿಕಾ. ಅದು ಗಾಜಿನ ಪುಡಿಯಲ್ಲ.

• ಆಹಾರ: ಮಸಾಲೆ, ಸೂಪ್ ಪುಡಿಗಳು ಗಟ್ಟಿಯಾಗದಂತೆ ತಡೆಯುತ್ತದೆ.

• ಬಣ್ಣ ಮತ್ತು ಅಂಟು: ಗೋಡೆಗೆ ಬಳಿದ ಬಣ್ಣ ಇಳಿಯದಂತೆ, ಸೀಲಂಟ್ ಸೋರದಂತೆ ಮಂದಗೊಳಿಸುತ್ತದೆ.

ತಿಂದರೆ ಅಪಾಯವೇ?

ಅಮೆರಿಕದ ನಿಯಮದ ಪ್ರಕಾರ ಇದು ಆಹಾರದ ತೂಕದ 2% ಮೀರಬಾರದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2024ರಲ್ಲಿ ಮರುಪರಿಶೀಲನೆ ನಡೆಸಿ, ಈಗ ಬಳಸುತ್ತಿರುವ ಪ್ರಮಾಣದಲ್ಲಿ ಶಿಶುಗಳೂ ಸೇರಿ ಯಾರಿಗೂ ಇದರಿಂದ ಆತಂಕವಿಲ್ಲ ಎಂದಿದೆ. ತಿಂದ ಸಿಲಿಕಾದ ಬಹುಪಾಲು ಮಲದಲ್ಲೇ ಹೊರಹೋಗುತ್ತದೆ.

ಶೂ ಡಬ್ಬದ ಪೊಟ್ಟಣ ವಿಷವೇ?

‘ಡು ನಾಟ್ ಈಟ್’ ಎಂದು ಬರೆದ ಆ ಚಿಕ್ಕ ಪೊಟ್ಟಣದಲ್ಲಿರುವುದು ಸಿಲಿಕಾ ಜೆಲ್. ಇದೂ ಅಮಾರ್ಫಸ್ ಸಿಲಿಕಾವೇ. ಒಂದು ಗ್ರಾಂ ಜೆಲ್‌ನ ಒಳರಂಧ್ರಗಳ ಮೇಲ್ಮೈ ಹರಡಿದರೆ ನೂರಾರು ಚದರ ಮೀಟರ್ ಆಗುತ್ತದೆ! ಗಾಳಿಯ ತೇವವೆಲ್ಲ ಅಲ್ಲಿ ಅಂಟಿಕೊಳ್ಳುತ್ತದೆ. ಬಿಳಿ ಅಥವಾ ಪಾರದರ್ಶಕ ಮಣಿಗಳು ವಿಷವಲ್ಲ. ಆದರೆ ಮಕ್ಕಳ ಗಂಟಲಿನಲ್ಲಿ ಸಿಕ್ಕಿಕೊಂಡರೆ ಉಸಿರುಗಟ್ಟಬಹುದು, ಎಚ್ಚರಿಕೆ ಇರಲಿ. ನೀಲಿ ಮಣಿಗಳ ವಿಷಯ ಬೇರೆ: ಅವುಗಳಲ್ಲಿ ಹಾನಿಕಾರಕ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಮಗು ಅವನ್ನು ನುಂಗಿದ್ದರೆ ಪೊಟ್ಟಣದ ಸಮೇತ ವೈದ್ಯರ ಬಳಿ ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಹಾಗಾದರೆ ಕ್ಯಾನ್ಸರ್ ಮಾತು ಎಲ್ಲಿಂದ ಬಂತು?

ಇದೇ ಫಾರ್ವರ್ಡ್‌ನಲ್ಲಿ ಅಡಗಿರುವ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ, ಉಸಿರಿನೊಂದಿಗೆ ಒಳಹೋಗುವ ಸ್ಫಟಿಕ ಸಿಲಿಕಾ ದೂಳನ್ನು 1997ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ವರ್ಷ ಅಮಾರ್ಫಸ್ ಸಿಲಿಕಾವನ್ನು ಮೂರನೇ ಗುಂಪಿನಲ್ಲಿ ಇರಿಸಿತು. ಅಂದರೆ, ಅದು ಕ್ಯಾನ್ಸರ್ ತರುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಫಾರ್ವರ್ಡ್ ಈ ಎರಡನ್ನೂ ಒಂದೇ ಮಾಡಿಬಿಟ್ಟಿದೆ.

ಕಲ್ಲು ಒಡೆಯುವಾಗ, ಕೊರೆಯುವಾಗ, ಪಾಲಿಶ್ ಮಾಡುವಾಗ ಏಳುವ ಕಣ್ಣಿಗೆ ಕಾಣದ ದೂಳು ಶ್ವಾಸಕೋಶದ ಆಳಕ್ಕಿಳಿದು ಗಾಯ ಮಾಡುತ್ತದೆ. ಗಾಯದ ಕಲೆ ಗಟ್ಟಿಯಾಗಿ ಉಸಿರಾಟವೇ ಕಷ್ಟವಾಗುತ್ತದೆ. ಇದೇ ಸಿಲಿಕೋಸಿಸ್. ಪೂರ್ತಿ ಗುಣಪಡಿಸುವ ಔಷಧವಿಲ್ಲ, ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಮಧ್ಯಪ್ರದೇಶದ ಮಂದಸೌರ್‌ನ ಬಳಪ ತಯಾರಕರು, ಗುಜರಾತಿನ ಖಂಭಾತ್‌ನ ಅಗೇಟ್ ಕಲ್ಲಿನ ಕುಶಲಕರ್ಮಿಗಳು ಇದಕ್ಕೆ ಬಲಿಯಾಗಿದ್ದಾರೆ. ನಮ್ಮ ಕಲ್ಲುಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರಿಗೂ ಇದೇ ಅಪಾಯವಿದೆ.

ಫಾರ್ವರ್ಡ್ ಮಾಡುವ ಮುನ್ನ

ಐಎನ್‌ಎಸ್ 551 ನೋಡಿ ಮಸಾಲೆ ಪುಡಿ ಎಸೆಯಬೇಕಾಗಿಲ್ಲ. ಗ್ರೂಪಿಗೆ ಕಳಿಸಲೇಬೇಕು ಎಂದರೆ ಇದನ್ನು ಕಳಿಸಿ: ಗ್ರಾನೈಟ್, ಟೈಲ್ಸ್ ಕತ್ತರಿಸುವಾಗ ದೂಳೇಳದಂತೆ ನೀರು ಬಿಡಿ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95ನಂಥ ಮಾಸ್ಕ್ ಬೇಕು. ದೂಳಿನ ಕೆಲಸದಲ್ಲಿರುವವರಿಗೆ ಕೆಮ್ಮು, ಏದುಸಿರು ಇದ್ದರೆ ಎದೆಯ ಎಕ್ಸ್‌ರೇ ಮಾಡಿಸಿ, ಏನು ಕೆಲಸ ಮಾಡುತ್ತೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.