ಹೊಸೂರು ರಸ್ತೆಗೆ ಬಂದ ಪೆಟ್-ಎಂಆರ್‌ಐ

ಜಯನಗರ, ಬಿಟಿಎಂ ಬಡಾವಣೆಗಳ ನೆರೆಯಲ್ಲಿ, ಹೊಸೂರು ರಸ್ತೆಯ ನಿಮ್ಹಾನ್ಸ್ ಆವರಣದಲ್ಲಿ ಮಿದುಳಿನ ರಚನೆಯನ್ನೂ ಚಟುವಟಿಕೆಯನ್ನೂ ಏಕಕಾಲಕ್ಕೆ ಚಿತ್ರಿಸುವ ಪೆಟ್-ಎಂಆರ್‌ಐ ಯಂತ್ರವಿದೆ. ಸಂಸ್ಥೆಯ ಬೇರು 1847ರ ಬೆಂಗಳೂರು ಹುಚ್ಚಾಸ್ಪತ್ರೆಯಷ್ಟು ಹಳೆಯದು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಡಿಸೆಂಬರ್ 27ರಂದು ಎರಡೂ ಕೂಡಿ ನಿಮ್ಹಾನ್ಸ್ ಆದಾಗ ಮನೋರೋಗ, ನರರೋಗ, ನರಶಸ್ತ್ರಚಿಕಿತ್ಸೆಗಳು ಒಂದೇ ಸೂರಿನಡಿ ಬಂದವು.

ಪೆಟ್ ಮತ್ತು ಎಂಆರ್‌ಐ ಎರಡೂ ರೂಪುಗೊಂಡದ್ದು ಅದೇ ದಶಕದಲ್ಲಿ. ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ದೇಹದ ನೀರಿನಂಶವನ್ನು ಚಿತ್ರವಾಗಿಸುವ ದಾರಿಯನ್ನು ಪಾಲ್ ಲಾಟರ್‌ಬರ್ 1973ರಲ್ಲಿ ತೋರಿಸಿದರು. ಪೆಟ್‌ನ ಬಗೆ ಬೇರೆ. ವಿಕಿರಣ ಸೂಸುವ ಎಫ್‌ಡಿಜಿ ಎಂಬ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಕೊಟ್ಟು, ಅದನ್ನು ಯಾವ ಭಾಗ ಎಷ್ಟು ಹೀರಿತು ಎಂದು ಅಳೆಯಲಾಗುತ್ತದೆ. 1976ರಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ದೇಹತೂಕದ ಶೇ. 2ರಷ್ಟಿದ್ದೂ ಶೇ. 20ರಷ್ಟು ಶಕ್ತಿಯನ್ನು ಬಳಸುವ ಮಿದುಳಿಗೆ ಈ ಪರೀಕ್ಷೆ ಚೆನ್ನಾಗಿ ಹೊಂದುತ್ತದೆ.

ಎರಡನ್ನೂ ಕೂಡಿಸುವುದು ಸುಲಭವಿರಲಿಲ್ಲ. ಪೆಟ್‌ನಲ್ಲಿ ಬೆಳಕಿನ ಮಿಣುಕನ್ನು ಹಿಡಿಯುತ್ತಿದ್ದ ನಿರ್ವಾತ ನಳಿಗೆಗಳು ಅಯಸ್ಕಾಂತದ ಬಳಿ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮೊದಲು ಪೆಟ್ ಮತ್ತು ಎಕ್ಸ್-ರೇ ಆಧಾರಿತ ಸಿಟಿ ಸ್ಕ್ಯಾನಿನ ಜೋಡಿ (ಪೆಟ್-ಸಿಟಿ) ಬಳಕೆಗೆ ಬಂತು. ಕಾಂತಕ್ಷೇತ್ರಕ್ಕೆ ಅಂಜದ ಅರೆವಾಹಕ ಶೋಧಕಗಳು ಸಿದ್ಧವಾದ ಮೇಲಷ್ಟೇ ಅಯಸ್ಕಾಂತದ ಸುರಂಗದೊಳಗೆ ಪೆಟ್‌ಗೆ ಜಾಗ ಸಿಕ್ಕಿತು. ಸೀಮೆನ್ಸ್‌ನ ಬಯೋಗ್ರಾಫ್ ಎಂಎಂಆರ್ 2010ರಲ್ಲಿ ಮ್ಯೂನಿಕ್‌ನಲ್ಲಿ ನೆಲೆಗೊಂಡಿತು. ಅದೇ ಮಾದರಿ ಅದೇ ದಶಕದಲ್ಲಿ ನಿಮ್ಹಾನ್ಸ್‌ಗೂ ಬಂತು. ಅದರ ಕಾಂತಬಲ 3 ಟೆಸ್ಲಾ, ಭೂಮಿಯ ಕಾಂತಕ್ಷೇತ್ರಕ್ಕಿಂತ 40 ಸಾವಿರ ಪಟ್ಟಿಗೂ ಹೆಚ್ಚು.

ಇದರ ಉಪಯೋಗ ಅಪಸ್ಮಾರದಲ್ಲಿ ಎದ್ದು ಕಾಣುತ್ತದೆ. ಔಷಧಕ್ಕೆ ಬಗ್ಗದ ಮೂರ್ಛೆಗೆ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಅದು ಎಲ್ಲಿಂದ ಹೊರಡುತ್ತದೆ ಎಂಬುದು ತಿಳಿಯಬೇಕು. ಮೂರ್ಛೆ ಇಲ್ಲದ ಹೊತ್ತಿನಲ್ಲಿ ಆ ಜಾಗ ಸಾಮಾನ್ಯವಾಗಿ ಸಕ್ಕರೆಯನ್ನು ಕಡಿಮೆ ಬಳಸುತ್ತದೆ. ಪೆಟ್ ಆ ಮಂಕನ್ನು ತೋರಿಸಿದರೆ, ಎಂಆರ್‌ಐ ಅಲ್ಲೇ ಅಡಗಿರುವ ಸಣ್ಣ ವಿಕಾರವನ್ನು ಹುಡುಕಲು ನೆರವಾಗುತ್ತದೆ. ಮರೆವಿನ ಕಾಯಿಲೆಗಳ ಬಗೆಯನ್ನು ಗುರುತಿಸಲು, ಗಡ್ಡೆ ಮರುಕಳಿಸಿದೆಯೇ ಅಥವಾ ಕಂಡದ್ದು ವಿಕಿರಣ ಚಿಕಿತ್ಸೆಯ ಗಾಯವೇ ಎಂದು ತಿಳಿಯಲೂ ಈ ಜೋಡಿ ಬಳಕೆಯಾಗುತ್ತದೆ. ಅರಿವಳಿಕೆ ಬೇಕಾದ ಮಕ್ಕಳಿಗೆ ಎರಡು ಸಲದ ಬದಲು ಒಂದೇ ಸಲ ಸಾಕು.

ಮಿತಿಗಳೂ ಇವೆ. ಎಂಆರ್‌ಐಗೆ ಎಲುಬು ಸರಿಯಾಗಿ ಕಾಣದ ಕಾರಣ, ತಲೆಬುರುಡೆ ತಡೆದ ವಿಕಿರಣವನ್ನು ಲೆಕ್ಕದಿಂದ ಅಂದಾಜಿಸಬೇಕು. ಪೇಸ್‌ಮೇಕರ್ ಹಾಕಿಸಿಕೊಂಡ ಅನೇಕರಿಗೆ ಈ ಪರೀಕ್ಷೆ ಆಗದು. ಶ್ವಾಸಕೋಶದ ಸ್ಕ್ಯಾನಿಗೆ ಪೆಟ್-ಸಿಟಿಯೇ ಮೊದಲ ಆಯ್ಕೆ. ಮೃದು ಅಂಗಾಂಶಗಳ ಸೂಕ್ಷ್ಮ ಭೇದಗಳೇ ಮುಖ್ಯವಾದ ಮಿದುಳಿನಲ್ಲಿ ಮಾತ್ರ ಪೆಟ್-ಎಂಆರ್‌ಐ ಮೇಲುಗೈ ಪಡೆಯುತ್ತದೆ.