ಅಬ್ರಹಾಮನ ಅತಿಥಿಗಳು: ಒಂದು ತಾಮ್ರದಚ್ಚಿನ ಚಿತ್ರ

ಡಚ್ ಕಲಾವಿದ ರೆಂಬ್ರಾಂಟ್ 1656ರಲ್ಲಿ ರಚಿಸಿದ ಅಚ್ಚಿನ ಚಿತ್ರ. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೆರೆ ಎಳೆದು, ಆ ಗೆರೆಗಳನ್ನು ಆಮ್ಲದಿಂದ ಕೊರೆಸಿ, ಮಸಿ ತುಂಬಿ ಕಾಗದಕ್ಕೆ ಒತ್ತುವುದು ಇದರ ವಿಧಾನ. ವಸ್ತು ಬೈಬಲಿನ ಆದಿಕಾಂಡದ 18ನೇ ಅಧ್ಯಾಯದ್ದು. ಮಮ್ರೆಯ ತೋಪಿಗೆ ಸುಡುಬಿಸಿಲಲ್ಲಿ ಮೂವರು ಅಪರಿಚಿತರು ಬರುತ್ತಾರೆ, ಅಬ್ರಹಾಮ ಅವರಿಗೆ ಉಣಬಡಿಸುತ್ತಾನೆ. ಅಬ್ರಹಾಮನ ಮುಪ್ಪಿನ ಹೆಂಡತಿ ಸಾರಳಿಗೆ ಮಗ ಹುಟ್ಟುವನೆಂದು ಅವರು ಹೇಳಿದಾಗ ಬಾಗಿಲ ಮರೆಯಲ್ಲಿದ್ದ ಆಕೆ ನಗುತ್ತಾಳೆ.

ಚಿತ್ರದ ಬೇರು ಭಾರತದಲ್ಲಿದೆ. ಮರದಡಿ ನೆಲದ ಮೇಲೆ ಕೂತ ನಾಲ್ವರು ಮುಸ್ಲಿಂ ಹಿರಿಯರ ಮೊಘಲ್ ಕಿರುಚಿತ್ರವೊಂದನ್ನು ರೆಂಬ್ರಾಂಟ್ ನಕಲು ಮಾಡಿಕೊಂಡಿದ್ದ. ಏಷ್ಯಾದ ಕಾಗದದ ಮೇಲಿನ ಆ ನಕಲು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅವನು ಭಾರತ ಕಂಡವನಲ್ಲ. ಇಂಥ ಚಿತ್ರಗಳು ವ್ಯಾಪಾರದ ಹಡಗುಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ತಲುಪುತ್ತಿದ್ದವು. ಪೂರ್ವದೇಶದ ಬೆಡಗಿಗಾಗಿ ಮಾತ್ರ ಅದನ್ನು ಬಳಸಿದನೆಂದು ವಾದಿಸಬಹುದು. ಆದರೆ ಬೆಡಗೇ ಬೇಕಿದ್ದರೆ ಮುಂಡಾಸು, ನಿಲುವಂಗಿಗಳೇ ಸಾಕಿತ್ತು. ಅವನು ಮುಖ್ಯವಾಗಿ ಉಳಿಸಿಕೊಂಡದ್ದು ನೆಲದ ಮೇಲೆ ಕೂತು ಬಟ್ಟಲು ಹಿಡಿದವರ ಆ ಪಂಕ್ತಿಯನ್ನು. ಯುರೋಪಿನ ಅನೇಕ ಚಿತ್ರಗಳಲ್ಲಿ ಈ ಅತಿಥಿಗಳು ಮೇಜಿನ ಮುಂದೆ ಕೂತಿರುತ್ತಾರೆ. ಇಲ್ಲಿ ದೇವರೇ ಬಿಳಿಗಡ್ಡದ ಮುದುಕನಾಗಿ ನೆಲಕ್ಕಿಳಿದಿದ್ದಾನೆ, ಪಕ್ಕದ ಇಬ್ಬರಿಗೆ ಮಾತ್ರ ರೆಕ್ಕೆಗಳಿವೆ. ಬಂದವರು ಮನುಷ್ಯರೋ ದೂತರೋ ದೇವರೋ ಎಂಬುದನ್ನು ಮೂಲಕಥೆ ಒಮ್ಮೆಗೇ ಬಿಡಿಸಿ ಹೇಳುವುದಿಲ್ಲ. ಚಿತ್ರ ತನ್ನ ಉತ್ತರ ಕೊಟ್ಟಿದೆ. ಆದ್ದರಿಂದ ಇದು ಕಥೆಗೆ ಬರೆದ ವ್ಯಾಖ್ಯಾನವೇ.

ಹಿನ್ನೆಲೆಯ ಹುಡುಗ ಇದಕ್ಕೆ ಇನ್ನೂ ಬಲವಾದ ಸಾಕ್ಷಿ. ಅವನು ಬಿಲ್ಲು ಹಿಡಿದು, ಅತಿಥಿಗಳಿಗೆ ಬೆನ್ನು ಮಾಡಿ, ಗೋಡೆಯಾಚೆ ಗುರಿಯಿಟ್ಟಿದ್ದಾನೆ. 18ನೇ ಅಧ್ಯಾಯದಲ್ಲಿ ಬಿಲ್ಲಿನ ಸುದ್ದಿಯೇ ಇಲ್ಲ. ಊಟಕ್ಕೆ ಕರು ಸಿದ್ಧಪಡಿಸಿದ ಆಳು ಅಲ್ಲಿ ಬರುತ್ತಾನೆ ನಿಜ, ಆದರೆ ಆಳಿಗೆ ಬಿಲ್ಲೇಕೆ? ಅಬ್ರಹಾಮನಿಗೆ ದಾಸಿ ಹಾಗರಳಲ್ಲಿ ಹುಟ್ಟಿದ ಮಗ ಇಷ್ಮಾಯೇಲ ಬಿಲ್ಲುಗಾರನಾದನೆಂದು 21ನೇ ಅಧ್ಯಾಯ ಹೇಳುತ್ತದೆ. 17ನೇ ಅಧ್ಯಾಯದಲ್ಲೇ ಅವನಿಗೆ 13 ವರ್ಷ. ಹಾಗಾಗಿ ಈ ಹುಡುಗ ಇಷ್ಮಾಯೇಲನೇ ಇರಬೇಕು: ಸಾರಳ ಮಗ ಇಸಾಕ ಹುಟ್ಟಿದ ಮೇಲೆ ಮನೆ ಬಿಡಬೇಕಾದವನು ಇವನೇ. ಚಿತ್ರದುರ್ಗ, ಹೊಳಲ್ಕೆರೆ ಸೀಮೆಯ ವೀರಗಲ್ಲು ನೋಡಿ ಬಲ್ಲವರಿಗೆ ಹೀಗೆ ಬೇರೆ ಬೇರೆ ಕಾಲಗಳನ್ನು ಒಂದೆಡೆ ತೋರಿಸುವುದು ಹೊಸದಲ್ಲ: ಕಾಳಗ, ಸಾವು, ಕೈಲಾಸ ಅಲ್ಲಿ ಒಂದೇ ಕಲ್ಲಿನಲ್ಲಿರುತ್ತವೆ. ಆದರೆ ವೀರಗಲ್ಲು ಕಾಲವನ್ನು ಪಟ್ಟಿಕೆಗಳಾಗಿ ಬೇರ್ಪಡಿಸುತ್ತದೆ. ರೆಂಬ್ರಾಂಟ್ ಒಬ್ಬರ ಸಂತೋಷವನ್ನೂ ಇನ್ನೊಬ್ಬನ ಮುಂದಿನ ದುಃಖವನ್ನೂ ಒಂದೇ ಅಂಗಳದಲ್ಲಿಟ್ಟಿದ್ದಾನೆ.

ಕನ್ನಡ ಓದುಗರಿಗೆ ಇಲ್ಲಿ ಶಿವಭಕ್ತ ಸಿರಿಯಾಳನ ಕಥೆ ನೆನಪಾಗುವುದು ಸಹಜ. ಅಲ್ಲೂ ದೇವರು ಅತಿಥಿಯಾಗಿಯೇ ಬರುತ್ತಾನೆ. ಆದರೆ ಆ ಅತಿಥಿ ಮಗನನ್ನೇ ಊಟಕ್ಕೆ ಕೇಳುತ್ತಾನೆ, ಮಮ್ರೆಯ ಅತಿಥಿ ಮಗನನ್ನು ಕೊಡುವ ಮಾತಾಡುತ್ತಾನೆ. ಆ ಕಥೆಯ ಭೀತಿಯನ್ನು ಈ ಚಿತ್ರಕ್ಕೆ ಹೊರಿಸಿದರೆ ತಪ್ಪಾಗುತ್ತದೆ.

ಚಿತ್ರ ಕೊರೆದ ಮೂಲ ತಗಡು ಉಳಿದುಬಂದಿದ್ದು, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಹಿಂಬದಿಯಲ್ಲಿ ಹರ್ಕ್ಯುಲಿಸ್ ಸೇಗರ್ಸ್ ಎಂಬ ಹಿರಿಯ ಕಲಾವಿದ ಕೊರೆದ ಕಣಿವೆಯ ಚಿತ್ರದ ತುಣುಕಿದೆ.