ತನ್ನೆದುರು ತಾನೇ: ಒಂದೇ ಚಿತ್ರಿಕೆಯಲ್ಲಿ ಒಬ್ಬ ನಟ ಹಲವರಾದ ಬಗೆ

ದಮಯಂತಿಯ ಸ್ವಯಂವರ ಮಂಟಪದಲ್ಲಿ ಐವರು ನಳರು ಕುಳಿತಿದ್ದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಒಬ್ಬನು ನಿಜವಾದ ನಳ. ಉಳಿದವರು ಅವನ ರೂಪ ತಾಳಿ ಬಂದ ಇಂದ್ರ, ಅಗ್ನಿ, ವರುಣ, ಯಮರು. ಕವಿಯಾದವನು ಇದನ್ನು ಒಂದು ಪದ್ಯದಲ್ಲಿ ಹೇಳಿ ಮುಗಿಸಬಲ್ಲ. ನಾಟಕದವನ ಪಾಡು ಬೇರೆ. ನಮ್ಮ ಸೀಮೆಯ ಕಂಪನಿ ನಾಟಕಗಳಲ್ಲಿ ಒಬ್ಬನೇ ನಟ ಒಂದೇ ರಾತ್ರಿಯಲ್ಲಿ ಎರಡು ಮೂರು ಪಾತ್ರ ಮಾಡುವುದು ಅಪರೂಪವಲ್ಲ. ಆದರೆ ವೇಷ ಬದಲಿಸಲು ಪರದೆಯ ಹಿಂದೆ ಹೋಗಲೇಬೇಕು. ತನ್ನೆದುರು ತಾನೇ ನಿಂತು ಮಾತನಾಡುವ ಅವಕಾಶ ನಟನಿಗೆ ದೊರೆತದ್ದು ಚಲನಚಿತ್ರ ಬಂದ ಮೇಲೆಯೇ.

ಇದಕ್ಕೆ ದಾರಿ ತೋರಿದವನು ಫ್ರಾನ್ಸ್ ದೇಶದ ಜಾದೂಗಾರ ಜಾರ್ಜ್ ಮೆಲಿಯೆ. 1898ರ ಒಂದು ಕಿರುಚಿತ್ರದಲ್ಲಿ ಆತ ತನ್ನ ತಲೆಯನ್ನು ತಾನೇ ತೆಗೆದು ಮೇಜಿನ ಮೇಲಿಡುತ್ತಾನೆ. ಮತ್ತೆ ಮತ್ತೆ ಹೊಸ ತಲೆ ಮೂಡುತ್ತದೆ. 1900ರಲ್ಲಿ ಏಳು ಮಂದಿ ವಾದ್ಯಗಾರರಾಗಿ ಒಟ್ಟಿಗೆ ಕುಳಿತವನೂ ಅವನೊಬ್ಬನೇ. ಗುಟ್ಟು ಇಷ್ಟೆ: ಫಿಲ್ಮಿನ ಮೇಲೆ ಬೆಳಕು ಬೀಳದ ಭಾಗವು ಕೋರಾ ಹಾಳೆಯಂತೆ ಹಾಗೆಯೇ ಉಳಿಯುತ್ತದೆ. ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಆ ಭಾಗದಲ್ಲಿ ಮತ್ತೊಂದು ಚಿತ್ರ ಬರೆಯಬಹುದು. 1921ರಲ್ಲಿ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್ 'ದಿ ಪ್ಲೇಹೌಸ್' ಚಿತ್ರದಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ಜನರಾಗಿ ಕಾಣಿಸಿಕೊಂಡನು. ಅಂದಿನ ಕ್ಯಾಮೆರಾ ಕೈಯಿಂದ ತಿರುಗಿಸುವಂಥದು. ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಒಂಬತ್ತು ಸಲವೂ ಒಂದೇ ವೇಗದಲ್ಲಿ ಹಿಡಿಕೆ ತಿರುಗಿಸಬೇಕಾಗಿತ್ತು. ಆ ಕೈಯ ಹದವನ್ನು ನೆನೆದರೆ ಈಗಲೂ ನನಗೆ ಬೆರಗಾಗುತ್ತದೆ.

ನಮ್ಮ ದೇಶದಲ್ಲಿ ದಾದಾಸಾಹೇಬ ಫಾಲ್ಕೆಯವರ 1917ರ 'ಲಂಕಾದಹನ'ದಲ್ಲಿ ರಾಮನೂ ಸೀತೆಯೂ ಒಬ್ಬರೇ, ಅಣ್ಣಾ ಸಾಳುಂಕೆ. ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದವರನ್ನು ಫಾಲ್ಕೆ ಕರೆತಂದಿದ್ದರು.

ಕನ್ನಡದ ಮಾತಿಗೆ ಬಂದರೆ ನನ್ನ ಮನಸ್ಸು ನೇರವಾಗಿ 1977ರ 'ಬಭ್ರುವಾಹನ'ಕ್ಕೆ ಹೋಗುತ್ತದೆ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಎಸ್. ವಿ. ಶ್ರೀಕಾಂತ್ ಅವರ ಛಾಯಾಗ್ರಹಣ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಕನ್ನಡಿಗರಿಗೆ ಪರಿಚಿತವಾದ ಕಥೆ. ಅಶ್ವಮೇಧದ ಕುದುರೆಯ ಹಿಂದೆ ಬಂದ ಅರ್ಜುನನಿಗೂ ಅವನ ಮಗ ಬಭ್ರುವಾಹನನಿಗೂ ಕಾಳಗ. ತಂದೆಯೂ ಮಗನೂ ರಾಜಕುಮಾರರೇ. ಸವಣೂರಿನಲ್ಲಿ ನಾವು ಅದನ್ನು ನೋಡಿದ ಮರುದಿನ ಓಣಿಯ ಕಟ್ಟೆಯ ಮೇಲೆ ದೊಡ್ಡ ಜಿಜ್ಞಾಸೆಯೇ ನಡೆಯಿತು. "ಅವನ್ಹಂಗ ಇರೋ ತಮ್ಮ ಒಬ್ಬಾಂವ ಅದಾನ, ಸಿನಿಮಾದವ್ರು ಮುಚ್ಚಿಡತಾರ" ಎಂಬುದು ಹಿರಿಯರೊಬ್ಬರ ಖಚಿತವಾದ ತೀರ್ಪು. (ತಮ್ಮ ಇದ್ದದ್ದು ನಿಜ. ಆ ವರದರಾಜರು ಅಣ್ಣನ ಚಿತ್ರಗಳಿಗೆ ಕಥೆ ಆರಿಸುತ್ತಿದ್ದರು.)

ಆ ಕಾಲದ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಸಿನಿಮಾದವರು ಇದನ್ನು 'ಮಾಸ್ಕ್ ಶಾಟ್' ಎನ್ನುತ್ತಾರೆ. ಮಸೂರದ ಮುಂದೆ ಕಪ್ಪು ತಡೆಯನ್ನಿಟ್ಟು ಚೌಕಟ್ಟಿನ ಅರ್ಧವನ್ನು ಮುಚ್ಚುವುದು. ತೆರೆದ ಅರ್ಧದಲ್ಲಿ ನಟನು ಅರ್ಜುನನಾಗಿ ನಟಿಸುವುದು. ಬಳಿಕ ಫಿಲ್ಮನ್ನು ಆರಂಭದ ಗುರುತಿನವರೆಗೆ ಕರಾರುವಾಕ್ಕಾಗಿ ಹಿಂದಕ್ಕೆ ಸುತ್ತುವುದು. ಸೆಕೆಂಡಿಗೆ 24 ಚೌಕಟ್ಟುಗಳು. ಒಂದು ನಿಮಿಷಕ್ಕೆ 1440, ಅಂದರೆ 90 ಅಡಿ ಫಿಲ್ಮ್. ಆಮೇಲೆ ತಡೆಯನ್ನು ಇನ್ನೊಂದು ಬದಿಗೆ ಸರಿಸಿ, ಬಣ್ಣ, ಉಡುಪು ಬದಲಿಸಿಕೊಂಡು ಬಂದ ನಟನಿಂದ ಮಗನ ಪಾತ್ರವನ್ನು ಮಾಡಿಸುವುದು. ಈ ನಡುವೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ದೀಪಗಳ ಬೆಳಕು ಬದಲಾಗಬಾರದು. ನಡುಗೆರೆಯನ್ನು ದಾಟಿದ ಕೈ ತೆರೆಯ ಮೇಲೆ ತುಂಡಾಗಿ ಕಾಣುತ್ತದೆ; ಅದಕ್ಕೇ ಆ ಗೆರೆಯ ಮೇಲೆ ಕಂಬವನ್ನೋ ಬಾಗಿಲ ಚೌಕಟ್ಟನ್ನೋ ತಂದಿಡುವ ಉಪಾಯ. ತಪ್ಪಾಗಿದೆಯೋ ಇಲ್ಲವೋ ತಿಳಿಯುವುದು ಫಿಲ್ಮ್ ಸಂಸ್ಕರಣೆಯಾಗಿ ಬಂದ ನಂತರ.

ನಟನ ಕಷ್ಟ ಇನ್ನೊಂದು ಬಗೆಯದು. ಎದುರಿಗೆ ಯಾರೂ ಇಲ್ಲ. ಬರಿಯ ಗಾಳಿಯನ್ನು ನೋಡುತ್ತ, ತಾನು ಇನ್ನೂ ಕೊಡದ ಉತ್ತರಕ್ಕೆ ಈಗಲೇ ಕೆರಳಬೇಕು. ಅಪ್ಪಿಕೊಳ್ಳುವ, ಹೊಡೆದಾಡುವ ಭಾಗಗಳಲ್ಲಿ ಬೆನ್ನು ತೋರುವ ಬದಲಿ ನಟನನ್ನು ನಿಲ್ಲಿಸಬಹುದು. ಮುಖಾಮುಖಿ ಮಾತಿಗೆ ಅದು ಸಾಲದು. ಆದ್ದರಿಂದ ಕಾಳಗಕ್ಕಿಂತ ತಂದೆ ಮಕ್ಕಳ ವಾಗ್ವಾದದ ಹಾಡೇ ದೊಡ್ಡ ಸಾಧನೆಯೆಂದು ನನ್ನ ಅಭಿಪ್ರಾಯ. ಅಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು. ಒಂದು ಕಂಠ ಪಿ. ಬಿ. ಶ್ರೀನಿವಾಸರದು, ಮತ್ತೊಂದು ಸ್ವತಃ ರಾಜಕುಮಾರರದು. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ರಾಜಕುಮಾರರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಅದಕ್ಕೆ ಮೊದಲು ಅನೇಕ ವರ್ಷ ಅವರ ಕಂಠವೆಂದರೆ ಶ್ರೀನಿವಾಸರೇ. ಹೀಗೆ ಹಳೆಯ ದನಿಯೂ ಹೊಸ ದನಿಯೂ ಒಂದೇ ಮುಖದಿಂದ ಪರಸ್ಪರ ಸವಾಲು ಹಾಕುತ್ತವೆ.

ಮರುವರ್ಷ ವಿ. ಸೋಮಶೇಖರ್ ನಿರ್ದೇಶನದ 'ಶಂಕರ್ ಗುರು'ವಿನಲ್ಲಿ ರಾಜಕುಮಾರರು ತಂದೆ ಮತ್ತು ಇಬ್ಬರು ಮಕ್ಕಳಾಗಿ ಮೂವರಾದರು. ಜನ ಶಿಳ್ಳೆ ಹಾಕಿದ್ದು ನಟನಿಗೆ. ಅದು ಸಹಜ. ಆದರೆ ತಂತ್ರ ಚೆನ್ನಾಗಿ ಆದಷ್ಟೂ ತಂತ್ರಜ್ಞ ಕಾಣೆಯಾಗುವ ಕೆಲಸವಿದು. ಗೆರೆ ಕಂಡಿದ್ದರೆ ಮಾತ್ರ ನಾವು ಛಾಯಾಗ್ರಾಹಕನನ್ನು ನೆನೆಯುತ್ತಿದ್ದೆವು, ಬೈಯುವುದಕ್ಕಾಗಿ. ನನ್ನ ತರಗತಿಯಲ್ಲಿ 'ಬಭ್ರುವಾಹನ'ದ ಹಾಡನ್ನು ಬಾಯಿಪಾಠವಾಗಿ ಒಪ್ಪಿಸುವ ಹುಡುಗರು ಪ್ರತಿ ವರ್ಷವೂ ಇದ್ದರು. ಶ್ರೀಕಾಂತರ ಹೆಸರು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಈಗ ಕಂಪ್ಯೂಟರು ಕ್ಯಾಮೆರಾದ ಚಲನೆಯನ್ನೇ ನೆನಪಿಟ್ಟು ಮತ್ತೆ ಮತ್ತೆ ನಡೆಸುತ್ತದೆ, ನಡುಗೆರೆಯ ಹಂಗಿಲ್ಲ. ಮೊಬೈಲು ಇದ್ದರೂ ಸಾಕು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಇಲ್ಲಿಯ ದೊಡ್ಡಹುಣಸೆ ಮರದೆದುರು ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು, ಮೂರು ಸಲ ಬೇರೆ ಬೇರೆ ಕಡೆ ನಿಂತು, ತುಣುಕುಗಳನ್ನು ಜೋಡಿಸಿ ತಂದು ತೋರಿಸಿದ. ಮೂವರೂ ಹರಟುತ್ತಿದ್ದರು. ಅಂಗಿ ಬದಲಿಸಲು ಪ್ರತಿ ಸಲವೂ ಮನೆಗೆ ಹೋಗಿ ಬಂದನಂತೆ. ಮೂರನೆಯವನ ನೆರಳು ಮಾತ್ರ ಉಳಿದಿಬ್ಬರ ನೆರಳಿಗಿಂತ ಎರಡು ಮಾರು ಉದ್ದವಾಗಿತ್ತು.